ಗಿಡ ಬೆಳೆಯುವುದು ಎಲ್ಲಿಂದ? ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಗಿಡಮರಗಳ ಬೆಳವಣಿಗೆಯನ್ನೇ ಕುರಿತಾಗಿದ್ದುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಪತ್ರಗಳನ್ನು ಸಂಕ್ಷೇಪಿಸಿ ಕೊಡಲಾಗಿದೆ.

ಪ್ರಶ್ನೆ: ನಮ್ಮ ಹಿತ್ತಿಲಿನ ಹಲಸಿನ ಮರಕ್ಕೆ ಅಜ್ಜನ ಕಾಲದಲ್ಲಿ ಬೇಲಿಯ ತಂತಿ ಬಿಗಿಯಲು ಹೊಡೆದ ಮೊಳೆ ಇಂದಿಗೂ ಸೊಂಟದ ಎತ್ತರದಲ್ಲೇ ಇದೆ. ಮರ ಮಾತ್ರ ಬಹಳ ಎತ್ತರಕ್ಕೆ ಹೋಗಿದೆ, ತಂತಿಯನ್ನೂ ನುಂಗಿಬಿಟ್ಟಿದೆ. ಅದರ ಪಕ್ಕದ ತೆಂಗಿನ ಮರದಲ್ಲಿ ಹತ್ತುವುದಕ್ಕೆಂದು ಕಡಿದ ಮೆಟ್ಟಿಲುಗಳು ಕಡಿದಾಗ ಹೇಗಿದ್ದವೋ ಹಾಗೆಯೇ ಇವೆ, ಒಂದೂ ಮುಚ್ಚಿಕೊಂಡಿಲ್ಲ. ಎರಡೂ ಮರಗಳೇ ಆಗಿರುವಾಗ ಈ ವ್ಯತ್ಯಾಸ ಏಕೆ?
(ಕೃಷಿಕರೊಬ್ಬರು, ಕಿನ್ನಿಗೋಳಿ)

ಉತ್ತರ: ನೀವು ಗಮನಿಸಿರುವ ಈ ಸಂಗತಿಗಳಲ್ಲಿ ಸಸ್ಯದ ಬೆಳವಣಿಗೆಯ ಮುಖ್ಯ ನಿಯಮವೇ ಅಡಗಿದೆ. ಪ್ರಾಣಿಯ ದೇಹ ಬಹುಮಟ್ಟಿಗೆ ಎಲ್ಲ ಭಾಗಗಳಲ್ಲೂ ಒಟ್ಟಿಗೆ ದೊಡ್ಡದಾಗುತ್ತದೆ, ಒಂದು ಪ್ರಾಯಕ್ಕೆ ಬಂದ ಮೇಲೆ ನಿಲ್ಲುತ್ತದೆ. ಗಿಡದಲ್ಲಿ ಹೊಸ ಜೀವಕೋಶಗಳು ಹುಟ್ಟುವುದು ಕೆಲವೇ ಕೆಲವು ಗೊತ್ತಾದ ಜಾಗಗಳಲ್ಲಿ. ಆ ಜಾಗಗಳಲ್ಲಿರುವ, ವಿಭಜನೆಯ ಶಕ್ತಿಯನ್ನು ಉಳಿಸಿಕೊಂಡ ಕೋಶಗಳ ಗುಂಪನ್ನು ವರ್ಧನ ಅಂಗಾಂಶ ಎಂದು ಕರೆಯುತ್ತೇವೆ. ಪ್ರತಿಯೊಂದು ಚಿಗುರಿನ ತುದಿಯಲ್ಲಿ ಒಂದು, ಪ್ರತಿಯೊಂದು ಬೇರಿನ ತುದಿಯಲ್ಲಿ ಒಂದು ಇಂಥ ಗುಂಪು ಇರುತ್ತದೆ. ಎಳೆಯ ಎಲೆಗಳನ್ನು ಒಂದೊಂದಾಗಿ ಬಿಡಿಸಿ ತೆಗೆದರೆ ಕೊನೆಗೆ ಉಳಿಯುವ, ಬರಿಗಣ್ಣಿಗೆ ಚುಕ್ಕೆಯಂತೆ ಮಾತ್ರ ಕಾಣುವ ಭಾಗದಿಂದಲೇ ಮರದ ಮುಂದಿನ ಎಲೆ, ಗೆಣ್ಣು, ಕೊಂಬೆಗಳೆಲ್ಲ ಹೊರಡುತ್ತವೆ. ಆ ಚುಕ್ಕೆಯಿಂದ ಹಿಂದೆ ಸರಿದ ಕೋಶಗಳು ಸ್ವಲ್ಪ ದೂರದವರೆಗೆ ಉದ್ದವಾಗುತ್ತವೆ, ಅನಂತರ ಅವುಗಳ ಭಿತ್ತಿ ಗಟ್ಟಿಯಾಗುತ್ತದೆ. ಭಿತ್ತಿಗೆ ಲಿಗ್ನಿನ್ ಎಂಬ ಗಡಸು ಪದಾರ್ಥ ಸೇರಿ ಕಟ್ಟಿಗೆಯಾದ ಮೇಲೆ ಆ ಕೋಶ ಮತ್ತೆ ಉದ್ದವಾಗುವುದಿಲ್ಲ. ನಿಮ್ಮ ಅಜ್ಜ ಮೊಳೆ ಹೊಡೆದ ಭಾಗ ಅಂದೇ ಉದ್ದವಾಗುವುದನ್ನು ಮುಗಿಸಿತ್ತು. ಆದ್ದರಿಂದ ಮೊಳೆ ಮೇಲೇರುವ ಸಂಭವವೇ ಇರಲಿಲ್ಲ. ಮರ ಎತ್ತರವಾದದ್ದು ತುದಿಗೆ ತುದಿ ಸೇರಿಸಿಕೊಳ್ಳುತ್ತಾ ಮಾತ್ರ.

ಆದರೆ ಹಲಸು ದ್ವಿದಳ ಸಸ್ಯ. ಅದರ ತೊಗಟೆಯ ಒಳಗೆ, ಕಟ್ಟಿಗೆಯ ಹೊರಗೆ, ಕ್ಯಾಂಬಿಯಂ ಎಂಬ ಇನ್ನೊಂದು ವರ್ಧನ ಅಂಗಾಂಶ ಕಾಂಡದ ಸುತ್ತಲೂ ತೆಳ್ಳಗಿನ ಪದರವಾಗಿ ಹಬ್ಬಿಕೊಂಡಿರುತ್ತದೆ. ಮಳೆಗಾಲದಲ್ಲಿ ಎಳೆಯ ಹಲಸಿನ ಕೊಂಬೆಯ ತೊಗಟೆಯನ್ನು ಸುಲಿದಾಗ ಒಳಗಿನ ಕಟ್ಟಿಗೆಯ ಮೇಲೆ ಕೈಗೆ ಜಾರುವಂಥ ಪಸೆ ತಾಗುತ್ತದಲ್ಲವೇ, ಅದು ಇದೇ ಪದರದ ಹರಿದ ಕೋಶಗಳು. ಈ ಕೋಶಗಳು ಕಾಂಡದ ಮೇಲ್ಮೈಗೆ ಸಮಾನಾಂತರವಾಗಿ ನಡುವೆ ಭಿತ್ತಿ ಕಟ್ಟಿಕೊಂಡು ಇಬ್ಭಾಗವಾಗುತ್ತವೆ. ಒಳಮುಖವಾಗಿ ಬಿದ್ದ ಕೋಶಗಳು ನೀರು ಸಾಗಿಸುವ ಕ್ಸೈಲಮ್ ಆಗುತ್ತವೆ, ಅಂದರೆ ಕಟ್ಟಿಗೆ. ಹೊರಮುಖವಾಗಿ ಬಿದ್ದವು ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಸಾಗಿಸುವ ಫ್ಲೋಯಮ್ ಆಗುತ್ತವೆ. ಹೀಗೆ ಒಳಗೆ ಕಟ್ಟಿಗೆ ತುಂಬುತ್ತಾ ಹೋದಂತೆ ಕ್ಯಾಂಬಿಯಂ ತಾನೇ ಹೊರಕ್ಕೆ ಸರಿಯುತ್ತದೆ. ಎದುರಿಗೆ ತಂತಿ ಸಿಕ್ಕಿದರೆ ಅದರ ಮೇಲೆ ಕೆಳಗೆ ಉಬ್ಬಿ, ಎರಡು ಉಬ್ಬುಗಳು ತಂತಿಯ ಹೊರಗೆ ಕೂಡಿಕೊಳ್ಳುತ್ತವೆ. ಮರ ತಂತಿಯನ್ನು ನುಂಗಿದೆ ಎಂದು ನೀವು ಬರೆದಿರುವುದು ಇದನ್ನೇ.

ತೆಂಗಿನಲ್ಲಿ ಈ ಪದರವೇ ಇಲ್ಲ. ತೆಂಗು, ಅಡಿಕೆ, ಈಚಲು ಇವೆಲ್ಲ ಏಕದಳ ಸಸ್ಯಗಳು. ಅವುಗಳ ಕಾಂಡವನ್ನು ಅಡ್ಡ ಕೊಯ್ದು ನೋಡಿದರೆ ನಾರಿನ ಕಟ್ಟುಗಳು ಚುಕ್ಕೆ ಚುಕ್ಕೆಯಾಗಿ ಚದುರಿಕೊಂಡಿರುವುದು ಕಾಣುತ್ತದೆಯೇ ಹೊರತು ಸುತ್ತು ಪದರಗಳು ಕಾಣುವುದಿಲ್ಲ. ತೆಂಗಿನ ಸಸಿ ಮೊದಲ ಕೆಲವು ವರ್ಷ ಕಾಂಡವನ್ನು ಮೇಲಕ್ಕೆತ್ತದೆ ನೆಲಮಟ್ಟದಲ್ಲೇ ಗರಿ ಬಿಡುತ್ತಾ ಕೂರುವುದನ್ನು ತೋಟ ಮಾಡಿದವರೆಲ್ಲ ಬಲ್ಲರು. ಆ ಕಾಲದಲ್ಲಿ ಸುಳಿಯ ಬುಡದ ಭಾಗ ಅಗಲವಾಗುತ್ತಾ ಹೋಗಿ, ಮರದ ಗಾತ್ರ ನಿರ್ಧಾರವಾದ ಮೇಲೆಯೇ ಕಾಂಡ ಏಳುತ್ತದೆ. ಮುಂದೆ ಒಂದು ವರ್ಷ ನೀರು ಗೊಬ್ಬರ ಸಿಗದೆ ಸುಳಿ ಸೊರಗಿದರೆ ಆ ವರ್ಷದ ಕಾಂಡದ ಭಾಗ ಸಣಕಲಾಗುತ್ತದೆ. ಮರುವರ್ಷ ಎಷ್ಟೇ ಆರೈಕೆ ಮಾಡಿದರೂ ಮೇಲಿನ ಭಾಗ ದಪ್ಪವಾದೀತೇ ವಿನಾ ಆ ಸಣಕಲು ಭಾಗ ತುಂಬಿಕೊಳ್ಳುವುದಿಲ್ಲ. ಕಾಂಡದ ಮೇಲಿನ ಉಂಗುರದಂಥ ಗುರುತುಗಳು ಉದುರಿದ ಗರಿಗಳ ಗುರುತುಗಳು. ಚೆನ್ನಾಗಿರುವ ತೆಂಗು ವರ್ಷಕ್ಕೆ ಸುಮಾರು 12ರಿಂದ 14 ಗರಿ ಬಿಡುವುದರಿಂದ, ಆ ಗುರುತುಗಳನ್ನು ಎಣಿಸಿ ಮರದ ಯಾವ ಭಾಗ ಯಾವ ವರ್ಷದ್ದೆಂದು ಸ್ಥೂಲವಾಗಿ ಲೆಕ್ಕ ಹಾಕಬಹುದು. ಕಡಿದ ಮೆಟ್ಟಿಲು ಮುಚ್ಚಿಕೊಳ್ಳದಿರುವುದಕ್ಕೂ ಇದೇ ಕಾರಣ. ಗಾಯದ ಅಂಚಿನಲ್ಲಿ ಹೊಸ ಕಟ್ಟಿಗೆ ಕಟ್ಟುವ ಕೋಶಗಳು ಅಲ್ಲಿಲ್ಲ.

ಇಲ್ಲಿ ಇನ್ನೊಂದು ವಿಷಯವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಹಲಸು ತನ್ನ ಸಕ್ಕರೆ ಸಾಗಿಸುವ ನಾಳಗಳನ್ನು ಮತ್ತೆ ಮತ್ತೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ತೆಂಗಿಗೆ ಆ ಅವಕಾಶವಿಲ್ಲದ ಕಾರಣ ಬುಡದಲ್ಲಿ ಎಳೆತನದಲ್ಲಿ ರೂಪುಗೊಂಡ ನಾಳಗಳೇ ದಶಕಗಳ ಕಾಲ ಜೀವಂತವಾಗಿದ್ದು ಕೆಲಸ ಮಾಡಬೇಕು. ಒಂದೇ ಕೋಶ ಅಷ್ಟು ದೀರ್ಘಕಾಲ ದುಡಿಯುವುದು ಜೀವಜಗತ್ತಿನಲ್ಲಿ ಅಪರೂಪ. ತೆಂಗಿನ ಸುಳಿಗೆ ಏಟಾದರೆ ಮರ ಏಕೆ ಸಾಯುತ್ತದೆ ಎಂಬುದೂ ಇದರಿಂದ ಅರ್ಥವಾಗುತ್ತದೆ. ಹಲಸಿನ ತುದಿ ಮುರಿದರೆ ನೂರು ಮೊಗ್ಗುಗಳು ಕಾದಿರುತ್ತವೆ. ತೆಂಗಿಗೆ ಇರುವುದು ಒಂದೇ ಬೆಳೆಯುವ ತುದಿ. ಕುರುವಾಯಿ ದುಂಬಿ ಬಿಚ್ಚದ ಗರಿಗಳ ಮೂಲಕ ಕೊರೆಯುತ್ತಾ ಆ ತುದಿಯವರೆಗೆ ತಲುಪಿದರೆ, ಅಥವಾ ಮಳೆಗಾಲದ ಸುಳಿ ಕೊಳೆ ರೋಗ ಅಲ್ಲಿಗೆ ಇಳಿದರೆ, ಕೆಳಗೆ ಇಡೀ ಕಾಂಡ ಆರೋಗ್ಯವಾಗಿದ್ದರೂ ಮರ ಉಳಿಯುವುದಿಲ್ಲ. ಬಿಚ್ಚಿಕೊಂಡ ಹೊಸ ಗರಿಯಲ್ಲಿ ಕತ್ತರಿಯಿಂದ ಕತ್ತರಿಸಿದಂಥ ತ್ರಿಕೋನದ ಗುರುತು ಕಂಡಾಗ, ಆ ಏಟು ಗರಿ ಸುಳಿಯೊಳಗೆ ಮಡಚಿಕೊಂಡಿದ್ದಾಗಲೇ ಬಿದ್ದದ್ದೆಂದು ತಿಳಿಯಬೇಕು. ಮೇಲಿನ ಗರಿಗಳ ಸಂದಿಗೆ ಬೇವಿನ ಹಿಂಡಿ ಮತ್ತು ಮರಳಿನ ಮಿಶ್ರಣ ತುಂಬುವುದು, ದುಂಬಿ ಮೊಟ್ಟೆಯಿಡುವ ಗೊಬ್ಬರ ಗುಂಡಿಗಳ ಮೇಲೆ ಕಣ್ಣಿಡುವುದು, ಮಳೆಗೆ ಮುಂಚೆ ಸುಳಿಗೆ ಬೋರ್ಡೋ ದ್ರಾವಣ ಹಾಕುವುದು, ಇವೆಲ್ಲ ಕೆಲವೇ ಕೋಶಗಳ ಆ ಗುಂಪನ್ನು ಕಾಯುವ ಕೆಲಸಗಳೇ.

ಪ್ರಶ್ನೆ: ಜೀವಕೋಶಗಳು ವಿಭಜನೆಯಾಗುವುದರಿಂದ ಸಸ್ಯ ಬೆಳೆಯುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೇನೆ. ಆದರೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರುಕಾಳಿನ ಮೊಳಕೆ ಒಂದೆರಡು ದಿನಗಳಲ್ಲಿ ಅಷ್ಟು ಉದ್ದವಾಗಬೇಕಾದರೆ ಎಷ್ಟು ವೇಗವಾಗಿ ವಿಭಜನೆ ನಡೆಯಬೇಕು?
(ಪಿಯುಸಿ ವಿದ್ಯಾರ್ಥಿನಿ, ಉಡುಪಿ)

ಉತ್ತರ: ನಿಮ್ಮ ಸಂಶಯ ಸರಿಯಾದ ಜಾಗದಲ್ಲೇ ಹುಟ್ಟಿದೆ. ವಿಭಜನೆಯಿಂದ ಕೋಶಗಳ ಸಂಖ್ಯೆ ಹೆಚ್ಚುತ್ತದೆ, ಗಾತ್ರ ಹೆಚ್ಚುವುದಿಲ್ಲ. ಒಂದು ಕೋಶದ ನಡುವೆ ಗೋಡೆ ಎದ್ದು ಎರಡಾದರೆ ಎರಡೂ ಸೇರಿ ಮೊದಲಿನಷ್ಟೇ ಜಾಗ ಹಿಡಿಯುತ್ತವೆ. ಗಿಡ ದೊಡ್ಡದಾಗುವುದು ಆ ಕೋಶಗಳು ಹಿಗ್ಗಿದಾಗ. ಹೆಸರುಕಾಳಿನ ಮೊಳಕೆಯ ಬಿಳಿ ದಂಟಿನ ಕೋಶಗಳಲ್ಲಿ ಹೆಚ್ಚಿನವು ಕಾಳಿನೊಳಗಿನ ಭ್ರೂಣದಲ್ಲಿ ಮೊದಲೇ ತಯಾರಾಗಿದ್ದವು. ನೀರು ಸಿಕ್ಕಿದೊಡನೆ ಅವು ಉದ್ದುದ್ದಕ್ಕೆ ಹಿಗ್ಗಿದವು, ಅಷ್ಟೇ. ಈ ಮಾತಿಗೆ ಗಟ್ಟಿಯಾದ ಪುರಾವೆ 1960ರ ದಶಕದ ಆರಂಭದಲ್ಲೇ ಸಿಕ್ಕಿತ್ತು. ಗೋಧಿಯ ಬೀಜಗಳಿಗೆ ಕೋಶ ವಿಭಜನೆ ಪೂರ್ತಿ ನಿಂತುಹೋಗುವಷ್ಟು ಗಾಮಾ ಕಿರಣಗಳನ್ನು ಹಾಯಿಸಿ ಬಿತ್ತಿದಾಗಲೂ ಅವು ಮೊಳೆತು, ಸ್ವಲ್ಪ ಕಾಲ ಬೆಳೆದವು. ಪಠ್ಯಪುಸ್ತಕಗಳು ವಿಭಜನೆಯ ಹಂತಗಳಿಗೆ ಪುಟಗಟ್ಟಲೆ ಕೊಟ್ಟು, ಹಿಗ್ಗುವಿಕೆಯನ್ನು ಎರಡು ವಾಕ್ಯಗಳಲ್ಲಿ ಮುಗಿಸುವುದು ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಚಿಗುರಿನ ತುದಿಯ ಎಳೆಯ ಕೋಶ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಅಥವಾ ಅದಕ್ಕಿಂತಲೂ ಸಣ್ಣದು. ಅದರ ತುಂಬ ದಟ್ಟವಾದ ಕೋಶದ್ರವ್ಯ, ನಡುವೆ ದೊಡ್ಡ ಕೋಶಕೇಂದ್ರ. ಹಿಗ್ಗುವಾಗ ಅದರೊಳಗಿನ ಚಿಕ್ಕ ಚಿಕ್ಕ ರಸದಾನಿಗಳು ಒಂದಕ್ಕೊಂದು ಕೂಡಿ ಒಂದೇ ದೊಡ್ಡ ರಸದಾನಿಯಾಗುತ್ತದೆ, ಕೋಶದ ಬಹುಪಾಲು ಜಾಗವನ್ನು ಅದೇ ಆಕ್ರಮಿಸಿಕೊಳ್ಳುತ್ತದೆ, ಕೋಶದ್ರವ್ಯ ಅಂಚಿನಲ್ಲಿ ತೆಳ್ಳಗಿನ ಪದರವಾಗಿ ಉಳಿಯುತ್ತದೆ. ರಸದಾನಿಯಲ್ಲಿರುವುದು ಮುಖ್ಯವಾಗಿ ನೀರು, ಅದರಲ್ಲಿ ಕರಗಿದ ಲವಣ ಮತ್ತು ಸಕ್ಕರೆ. ಹೊಸ ಪ್ರೊಟೀನುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಖರ್ಚಿಲ್ಲದೆ, ನೀರನ್ನೇ ತುಂಬಿಕೊಂಡು ಹತ್ತಾರು ಪಟ್ಟು ದೊಡ್ಡದಾಗುವ ಈ ಉಪಾಯದಿಂದಲೇ ಸಸ್ಯಗಳಿಗೆ ಇಷ್ಟು ಬೇಗ ಇಷ್ಟು ಎತ್ತರ ಏರಲು ಸಾಧ್ಯವಾಗಿದೆ.

ನೀರು ಒಳಗೆ ನುಗ್ಗಿದಾಗ ಕೋಶ ಒಡೆಯದಂತೆ ತಡೆಯುವುದು ಕೋಶಭಿತ್ತಿ. ಒಳಗಿನ ಒತ್ತಡ ಸಾಮಾನ್ಯವಾಗಿ 0.3ರಿಂದ 1 ಮೆಗಾಪಾಸ್ಕಲ್‌ವರೆಗೆ ಇರುತ್ತದೆ. ಕಾರಿನ ಟಯರಿಗೆ ನಾವು ತುಂಬಿಸುವ ಗಾಳಿಯ ಒತ್ತಡ 0.2 ಮೆಗಾಪಾಸ್ಕಲ್‌ಗಿಂತ ತುಸು ಹೆಚ್ಚೆಂಬುದನ್ನು ನೆನೆದರೆ, ನಾವು ಮೃದುವೆಂದುಕೊಂಡ ಮೊಳಕೆಯ ಪ್ರತಿಯೊಂದು ಕೋಶವೂ ಎಂಥ ಬಿಗಿಯನ್ನು ತಾಳಿಕೊಂಡಿದೆ ಎಂಬುದು ಹೊಳೆಯುತ್ತದೆ. ಇಷ್ಟನ್ನು ತಾಳಿಕೊಳ್ಳುವ ಎಳೆಯ ಕೋಶಭಿತ್ತಿ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಹೆಚ್ಚಾಗಿ ತೆಳ್ಳಗಿರುತ್ತದೆ. ಸೆಲ್ಯುಲೋಸಿನ ಅತಿ ಸೂಕ್ಷ್ಮವಾದ ಎಳೆಗಳು, ಅವುಗಳ ನಡುವೆ ಪೆಕ್ಟಿನ್ ಮತ್ತು ಹೆಮಿಸೆಲ್ಯುಲೋಸ್ ಎಂಬ ಅಂಟಿನಂಥ ಪದಾರ್ಥಗಳು, ಇವೇ ಅದರ ಸಾಮಗ್ರಿ.

ಕೋಶ ಬೆಳೆಯಬೇಕಾದರೆ ಈ ಭಿತ್ತಿ ಹರಿಯದೆ ಸಡಿಲಗೊಳ್ಳಬೇಕು. ಆಕ್ಸಿನ್ ಎಂಬ ಹಾರ್ಮೋನು ಅದಕ್ಕೆ ಚಾಲನೆ ಕೊಡುತ್ತದೆ. ಆಕ್ಸಿನ್ ತಲುಪಿದ ಕೋಶ ತನ್ನ ಪೊರೆಯ ಮೂಲಕ ಹೈಡ್ರೋಜನ್ ಅಯಾನುಗಳನ್ನು ಹೊರಹಾಕಿ ಭಿತ್ತಿಯನ್ನು ಆಮ್ಲೀಯವಾಗಿಸುತ್ತದೆ. ಆಮ್ಲೀಯವಾದ ಭಿತ್ತಿಯಲ್ಲಿ ಎಕ್ಸ್‌ಪ್ಯಾನ್ಸಿನ್ ಎಂಬ ಪ್ರೊಟೀನುಗಳು ಸೆಲ್ಯುಲೋಸ್ ಎಳೆಗಳ ನಡುವಿನ ಹಿಡಿತವನ್ನು ಸಡಿಲಿಸುತ್ತವೆ, ಒಳಗಿನ ಒತ್ತಡ ಉಳಿದ ಕೆಲಸವನ್ನು ಮಾಡುತ್ತದೆ. ಈ ಪ್ರೊಟೀನನ್ನು 1992ರಲ್ಲಿ ಅಮೆರಿಕದ ಡೇನಿಯಲ್ ಕಾಸ್‌ಗ್ರೋವ್ ಅವರ ತಂಡ ಸೌತೆಯ ಮೊಳಕೆಯಿಂದ ಬೇರ್ಪಡಿಸಿತು. ಸಾಯಿಸಿದ ಭಿತ್ತಿಯ ತುಂಡಿಗೆ ತೂಕ ಕಟ್ಟಿ, ಈ ಪ್ರೊಟೀನನ್ನು ಆಮ್ಲೀಯ ದ್ರಾವಣದಲ್ಲಿ ಸೇರಿಸಿದಾಗ, ಜೀವವಿಲ್ಲದ ಆ ಭಿತ್ತಿ ಮತ್ತೆ ಉದ್ದವಾಗತೊಡಗಿತು.

ಎಲ್ಲ ದಿಕ್ಕಿಗೂ ಸಮನಾಗಿ ಒತ್ತುವ ನೀರು ಕೋಶವನ್ನು ಗುಂಡಗೆ ಉಬ್ಬಿಸದೆ ಉದ್ದಕ್ಕೆ ಎಳೆಯುವುದು ಹೇಗೆ ಎಂಬ ಪ್ರಶ್ನೆ ನಿಮಗೆ ಇಷ್ಟರಲ್ಲೇ ಹೊಳೆದಿರಬಹುದು. ಸೆಲ್ಯುಲೋಸ್ ಎಳೆಗಳು ಕೋಶದ ಸುತ್ತ ಅಡ್ಡಲಾಗಿ ಸುತ್ತಿಕೊಂಡಿರುವುದರಿಂದ ಅಗಲವಾಗುವುದು ಕಷ್ಟ, ಉದ್ದವಾಗುವುದು ಸುಲಭ. ಆ ಎಳೆಗಳನ್ನು ಅಡ್ಡಲಾಗಿ ಹಾಸುವಂತೆ ಮಾಡುವುದು ಪೊರೆಯ ಒಳಮಗ್ಗುಲಿನಲ್ಲಿರುವ ಮೈಕ್ರೋಟ್ಯೂಬ್ಯೂಲ್ ಎಂಬ ಸೂಕ್ಷ್ಮ ನಳಿಕೆಗಳು. 1962ರಲ್ಲಿ ಪಾಲ್ ಗ್ರೀನ್ ಎಂಬ ವಿಜ್ಞಾನಿ ನೈಟೆಲ್ಲಾ ಎಂಬ ಪಾಚಿಯ ಕೋಶಗಳಿಗೆ ಕಾಲ್ಚಿಸಿನ್ ಎಂಬ ರಾಸಾಯನಿಕವನ್ನು ಕೊಟ್ಟಾಗ ಅವು ಉದ್ದವಾಗುವುದನ್ನು ಬಿಟ್ಟು ಗುಂಡಗೆ ಊದಿಕೊಂಡವು. ಭಿತ್ತಿಗೆ ದಿಕ್ಕು ತೋರುವ ನಾರುಗಳು ಕೋಶದೊಳಗೆ ಇರಲೇಬೇಕೆಂದು ಅವರು ಅದರಿಂದ ಊಹಿಸಿದರು. ಮರುವರ್ಷವೇ ಲೆಡ್‌ಬೆಟರ್ ಮತ್ತು ಪೋರ್ಟರ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ನಳಿಕೆಗಳನ್ನು ಕಣ್ಣಾರೆ ಕಂಡು ವಿವರಿಸಿದರು. 2006ರಲ್ಲಿ ಅಮೆರಿಕದ ಸಂಶೋಧಕರು ಜೀವಂತ ಕೋಶದಲ್ಲೇ, ಸೆಲ್ಯುಲೋಸ್ ನೇಯುವ ಕಿಣ್ವಗಳು ಈ ನಳಿಕೆಗಳ ಜಾಡು ಹಿಡಿದು ಸಾಗುವುದನ್ನು ಚಿತ್ರೀಕರಿಸಿದರು. ಊಹೆಯಿಂದ ಕಣ್ಣಿಗೆ ಕಾಣುವವರೆಗಿನ ಈ ನಾಲ್ಕು ದಶಕಗಳ ದಾರಿಯನ್ನು ವಿದ್ಯಾರ್ಥಿಗಳು ಓದಿ ತಿಳಿಯಬೇಕು. ವಿಜ್ಞಾನ ಹೇಗೆ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಗಳು ಕಡಿಮೆ.

ಹಾಗೆಂದು ವಿಭಜನೆಯನ್ನು ಕಡೆಗಣಿಸಬಾರದು. ಹಿಗ್ಗಲು ಕೋಶಗಳು ಮೊದಲು ಇರಬೇಕಲ್ಲ. ಪ್ರಾಣಿಗಳ ಭ್ರೂಣದಲ್ಲಿ ಕೋಶಗಳು ಒಂದೆಡೆಯಿಂದ ಇನ್ನೊಂದೆಡೆಗೆ ಚಲಿಸಿ ಅಂಗಗಳನ್ನು ರೂಪಿಸುತ್ತವೆ. ಸಸ್ಯದ ಕೋಶ ತನ್ನ ನೆರೆಯ ಕೋಶಕ್ಕೆ ಪೆಕ್ಟಿನ್ನಿನಿಂದ ಅಂಟಿಕೊಂಡೇ ಹುಟ್ಟುತ್ತದೆ, ಜಾಗ ಬದಲಿಸುವಂತಿಲ್ಲ. ಆದ್ದರಿಂದ ವಿಭಜನೆಯ ಗೋಡೆ ಯಾವ ದಿಕ್ಕಿಗೆ ಎದ್ದಿತು, ಆಮೇಲೆ ಕೋಶ ಯಾವ ದಿಕ್ಕಿಗೆ ಹಿಗ್ಗಿತು ಎಂಬ ಎರಡು ತೀರ್ಮಾನಗಳಿಂದಲೇ ಎಲೆಯ ಚಪ್ಪಟೆಯೂ ಬೇರಿನ ದುಂಡೂ ನಿರ್ಧಾರವಾಗುತ್ತವೆ. ವಿಭಜನೆ ಶುರುವಾಗುವುದಕ್ಕೂ ಮೊದಲೇ ಮುಂದಿನ ಗೋಡೆಯ ಜಾಗವನ್ನು ಇದೇ ನಳಿಕೆಗಳು ಪಟ್ಟಿಯಾಗಿ ನೆರೆದು ಗುರುತಿಸಿಡುತ್ತವೆ. ಕಾಲೇಜಿನ ಪ್ರಯೋಗಾಲಯದಲ್ಲಿ ಈರುಳ್ಳಿಯ ಬೇರಿನ ತುದಿಯನ್ನು ಬಣ್ಣ ಹಾಕಿ ನೋಡುವಾಗ, ವಿಭಜನೆಯಾಗುತ್ತಿರುವ ಕೋಶಗಳನ್ನು ಮಾತ್ರ ಹುಡುಕದೆ, ತುದಿಯಿಂದ ಸ್ವಲ್ಪ ಹಿಂದಕ್ಕೆ ಸರಿದು, ಕೋಶಗಳು ಚೌಕಾಕಾರದಿಂದ ನೀಳವಾಗುತ್ತಾ ಹೋಗುವುದನ್ನೂ ಗಮನಿಸಿ.

ಪ್ರಶ್ನೆ: ಕಣಿಲೆ (ಬಿದಿರಿನ ಎಳೆಯ ಮೊಳಕೆ) ರಾತ್ರಿ ಹೊತ್ತಿನಲ್ಲೇ ಹೆಚ್ಚು ಬೆಳೆಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ನಿಜವೇ?
(ಗೃಹಿಣಿಯೊಬ್ಬರು, ಬಜಪೆ)

ಉತ್ತರ: ಗಿಡಗಳು ರಾತ್ರಿಯೂ ಬೆಳೆಯುತ್ತವೆ ಎಂಬುದಂತೂ ನಿಶ್ಚಿತ. ಹಗಲಿನಲ್ಲಿ ಎಲೆಗಳಿಂದ ನೀರು ಆವಿಯಾಗಿ ಹೋಗುವುದರಿಂದ ಕೋಶಗಳ ಒಳ ಒತ್ತಡ ತಗ್ಗುತ್ತದೆ, ರಾತ್ರಿ ಮತ್ತೆ ತುಂಬಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಹೆಚ್ಚು ಅಧ್ಯಯನಕ್ಕೊಳಗಾದ ಅರಾಬಿಡೊಪ್ಸಿಸ್ ಎಂಬ ಸಾಸಿವೆ ಕುಟುಂಬದ ಪುಟ್ಟ ಗಿಡದ ಮೊಳಕೆ, ಹಗಲು ರಾತ್ರಿ ಎರಡನ್ನೂ ಕಂಡಾಗ, ಬೆಳಗಿನ ಜಾವಕ್ಕೆ ಅತಿ ವೇಗವಾಗಿ ಉದ್ದವಾಗುತ್ತದೆ. ಕಣಿಲೆಯ ವೇಗಕ್ಕೆ ಇನ್ನೊಂದು ಕಾರಣವಿದೆ. ಬಿದಿರಿನ ಆ ಎಳೆಯ ಮೊಳಕೆಯಲ್ಲಿ ಮುಂದಿನ ಗೆಣ್ಣುಗಳೆಲ್ಲ ಒಂದರ ಮೇಲೊಂದು ಒತ್ತಾಗಿ ಮೊದಲೇ ತಯಾರಾಗಿರುತ್ತವೆ. ಉದ್ದಕ್ಕೆ ಸೀಳಿದಾಗ ಒಳಗೆ ಕಾಣುವ ಹತ್ತಿರ ಹತ್ತಿರದ ಅಡ್ಡ ಪದರಗಳೇ ಅವು. ಪ್ರತಿಯೊಂದು ಗೆಣ್ಣಿನ ಮೇಲೂ ವಿಭಜಿಸುವ ಕೋಶಗಳ ಪಟ್ಟಿಯೊಂದು ಇರುವುದರಿಂದ ತುದಿಯ ಜೊತೆಗೆ ಹಲವು ಗೆಣ್ಣುಗಳು ಏಕಕಾಲಕ್ಕೆ ನೀಳವಾಗುತ್ತವೆ. ಹುಲ್ಲನ್ನು ದನ ಮೇಯ್ದ ಮೇಲೂ, ತುದಿ ಹೋದ ಎಲೆ ಬುಡದಿಂದ ಮತ್ತೆ ಬೆಳೆಯುವುದು ಇದೇ ಬಗೆಯ ಕೋಶಗಳಿಂದ.

ಪ್ರಶ್ನೆ: ನಾವು ಮಲ್ಲಿಗೆ ಕೃಷಿ ಮಾಡುವವರು. ಗಿಡವನ್ನು ಸವರಿದ ಮೇಲೆ ಪಕ್ಕದ ಕೊಂಬೆಗಳು ಒತ್ತಾಗಿ ಬರುತ್ತವೆ, ಹೂವೂ ಹೆಚ್ಚು. ತುದಿ ಕತ್ತರಿಸಿದ್ದು ಕೆಳಗಿನ ಮೊಗ್ಗಿಗೆ ಹೇಗೆ ತಿಳಿಯುತ್ತದೆ? ಇನ್ನೊಂದು ಸಂಶಯ: ಸಸಿ ಮಾಡಲು ಕಡ್ಡಿಯನ್ನು ತಲೆಕೆಳಗಾಗಿ ನೆಟ್ಟರೆ ಬೇರು ಬರುವುದಿಲ್ಲವೇಕೆ?
(ಮಲ್ಲಿಗೆ ಬೆಳೆಗಾರರು, ಶಂಕರಪುರ)

ಉತ್ತರ: ಕೊಂಬೆಯ ತುದಿಯ ಎಳೆಯ ಎಲೆಗಳಲ್ಲಿ ತಯಾರಾಗುವ ಆಕ್ಸಿನ್ ಕಾಂಡದ ಮೂಲಕ ಕೆಳಮುಖವಾಗಿ, ಗಂಟೆಗೆ ಸುಮಾರು ಒಂದು ಸೆಂಟಿಮೀಟರ್ ವೇಗದಲ್ಲಿ ಹರಿಯುತ್ತಿರುತ್ತದೆ. ಈ ಹರಿವು ಇರುವವರೆಗೆ ಎಲೆಯ ಕಂಕುಳಿನ ಮೊಗ್ಗುಗಳು ಸುಮ್ಮನಿರುತ್ತವೆ. 1930ರ ದಶಕದಲ್ಲಿ ಕೆನೆತ್ ಥೀಮನ್ ಮತ್ತು ಫೋಕ್ ಸ್ಕೂಗ್ ಅವರು ಅವರೆಯ ಜಾತಿಯ ಗಿಡದ ತುದಿ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಆಕ್ಸಿನ್ ಹಚ್ಚಿದಾಗ ಮೊಗ್ಗುಗಳು ಏಳಲಿಲ್ಲ. ಬಹುಕಾಲ ವಿವರಣೆ ಇಲ್ಲಿಗೇ ನಿಂತಿತ್ತು. ಆದರೆ ತುದಿಯಿಂದ ದೂರದಲ್ಲಿರುವ ಮೊಗ್ಗು, ಅಲ್ಲಿ ಆಕ್ಸಿನ್ ಕಡಿಮೆಯಾಗುವುದಕ್ಕೂ ಮೊದಲೇ ಎಚ್ಚರಗೊಳ್ಳುವುದು ಕಂಡುಬಂತು. 2014ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಬಟಾಣಿ ಗಿಡದಲ್ಲಿ ತೋರಿಸಿದಂತೆ, ತುದಿ ಹೋದೊಡನೆ ಅದು ಎಳೆದುಕೊಳ್ಳುತ್ತಿದ್ದ ಸಕ್ಕರೆ ಪಕ್ಕದ ಮೊಗ್ಗುಗಳಿಗೆ ಹರಿಯುತ್ತದೆ, ಮೊದಲ ಸೂಚನೆ ಅದೇ. ಆಮೇಲೆ ಆಕ್ಸಿನ್ ಕಡಿಮೆಯಾದದ್ದು, ಬೇರಿನಿಂದ ಬರುವ ಸೈಟೊಕೈನಿನ್ ಎಂಬ ಹಾರ್ಮೋನು ಹೆಚ್ಚಿದ್ದು, ಕವಲೊಡೆಯುವುದನ್ನು ತಡೆಯುವ ಸ್ಟ್ರೈಗೊಲ್ಯಾಕ್ಟೋನ್ ಎಂಬ ಇನ್ನೊಂದು ಹಾರ್ಮೋನು ತಗ್ಗಿದ್ದು, ಎಲ್ಲವೂ ಕೂಡಿ ಮೊಗ್ಗನ್ನು ಕೊಂಬೆಯಾಗಿಸುತ್ತವೆ. ಮಲ್ಲಿಗೆ ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುವ ಗಿಡವಾದ್ದರಿಂದ ಕವಲು ಹೆಚ್ಚಿದಷ್ಟೂ ಹೂ ಮಾರುವ ಅಳತೆಗಳಾದ ಚೆಂಡು, ಅಟ್ಟೆಗಳ ಲೆಕ್ಕ ಹೆಚ್ಚುತ್ತದೆ. ಸವರಿದ ಗಿಡಕ್ಕೆ ಗೊಬ್ಬರ ನೀರು ಕೊಡುವುದೂ, ಉಳಿಸಿದ ಎಲೆಗಳಿಗೆ ಬಿಸಿಲು ಬೀಳುವಂತೆ ನೋಡಿಕೊಳ್ಳುವುದೂ ಏಕೆ ಅಗತ್ಯವೆಂದರೆ ಎದ್ದ ಮೊಗ್ಗಿಗೆ ಸಕ್ಕರೆ ಬೇಕು.

ಕಡ್ಡಿಯ ವಿಷಯದಲ್ಲಿ ನಿಮ್ಮ ಅನುಭವ ಸರಿಯಾಗಿದೆ. ಆಕ್ಸಿನ್ ಅನ್ನು ಹೊರಹಾಕುವ ಪ್ರೊಟೀನುಗಳು ಕಾಂಡದ ಕೋಶಗಳಲ್ಲಿ ಬುಡದ ಕಡೆಯ ಪೊರೆಯಲ್ಲಿ ಮಾತ್ರ ನೆಲೆಸಿರುತ್ತವೆ. ಕಡ್ಡಿಯನ್ನು ಕತ್ತರಿಸಿದರೂ, ತಿರುಗಿಸಿ ನೆಟ್ಟರೂ ಕೋಶಗಳಿಗೆ ತಮ್ಮ ಬುಡ ಯಾವುದೆಂಬುದು ಮರೆಯುವುದಿಲ್ಲ. ಆಕ್ಸಿನ್ ಆ ತುದಿಗೇ ಹೋಗಿ ಸೇರಿ, ಅಲ್ಲಿನ ನಾಳಗಳ ಬಳಿಯ ಕೋಶಗಳನ್ನು ಹೊಸದಾಗಿ ವಿಭಜನೆಗೆ ಹಚ್ಚಿ ಬೇರು ಹೊರಡಿಸುತ್ತದೆ. ತಲೆಕೆಳಗಾಗಿ ನೆಟ್ಟಾಗ ಆ ತುದಿ ಗಾಳಿಯಲ್ಲಿ ಒಣಗುತ್ತಿರುತ್ತದೆ. ಬೇರು ಬರಿಸಲು ನರ್ಸರಿಗಳಲ್ಲಿ ಬಳಸುವ ಪುಡಿಯಲ್ಲಿರುವುದೂ ಆಕ್ಸಿನ್ ಗುಂಪಿನ ರಾಸಾಯನಿಕವೇ.

ಪ್ರಶ್ನೆ: ಏಣೆಲು (ಮಳೆಗಾಲದ) ಬೆಳೆಯ ಭತ್ತದ ಪೈರು ಗಾಳಿಮಳೆಗೆ ಅಡ್ಡಬಿದ್ದರೆ ಕೆಲವೊಮ್ಮೆ ಎರಡು ಮೂರು ದಿನಗಳಲ್ಲಿ ತಾನಾಗಿ ತಲೆ ಎತ್ತುತ್ತದೆ, ಕೊಯ್ಲಿನ ಹೊತ್ತಿಗೆ ಬಿದ್ದದ್ದು ಮಾತ್ರ ಏಳುವುದೇ ಇಲ್ಲ. ಏಕೆ?
(ಕೃಷಿಕರೊಬ್ಬರು, ಬ್ರಹ್ಮಾವರ)

ಉತ್ತರ: ಭತ್ತದ ಗೆಣ್ಣನ್ನು ಸುತ್ತಿದ ಎಲೆಯ ಬುಡದಲ್ಲಿ ಸ್ವಲ್ಪ ಉಬ್ಬಿದ ಉಂಗುರವಿರುತ್ತದೆ. ಅಲ್ಲಿನ ಕೆಲವು ಕೋಶಗಳಲ್ಲಿ ಪಿಷ್ಟದ ತೂಕದ ಕಣಗಳಿವೆ. ಪೈರು ಅಡ್ಡಬಿದ್ದ ಕೆಲವೇ ನಿಮಿಷಗಳಲ್ಲಿ ಆ ಕಣಗಳು ಕೋಶದೊಳಗೆ ಜಾರಿ ಹೊಸ ಕೆಳಮಗ್ಗುಲಿಗೆ ಕೂರುತ್ತವೆ. ನೆಲ ಯಾವ ಕಡೆ ಎಂಬುದು ಪೈರಿಗೆ ತಿಳಿಯುವುದು ಹೀಗೆ. ಬಳಿಕ ಆಕ್ಸಿನ್ ಕೆಳಮಗ್ಗುಲಿನಲ್ಲಿ ಹೆಚ್ಚು ಶೇಖರವಾಗಿ ಅಲ್ಲಿನ ಕೋಶಗಳು ನೀಳವಾಗುತ್ತವೆ, ಮೇಲ್ಮಗ್ಗುಲಿನವು ಹಾಗೆಯೇ ಉಳಿಯುತ್ತವೆ, ಗೆಣ್ಣು ಮೇಲಕ್ಕೆ ಬಾಗುತ್ತದೆ. ಬೇರಿನಲ್ಲೂ ಇದೇ ಏರ್ಪಾಡು ಇದೆ, ಆದರೆ ಅಲ್ಲಿ ಹೆಚ್ಚಾದ ಆಕ್ಸಿನ್ ಕೋಶಗಳ ಹಿಗ್ಗುವಿಕೆಯನ್ನು ತಡೆಯುವುದರಿಂದ ಬೇರು ಕೆಳಕ್ಕೆ ಬಾಗುತ್ತದೆ. ಕೊಯ್ಲಿಗೆ ಬಂದ ಪೈರಿನ ಗೆಣ್ಣುಗಳಲ್ಲಿ ಭಿತ್ತಿ ಬಲಿತು, ಹಿಗ್ಗಬಲ್ಲ ಕೋಶಗಳು ಉಳಿದಿರುವುದಿಲ್ಲ. ತೆನೆಯ ಭಾರ ಬೇರೆ. ಬಿದ್ದ ಎಳೆಯ ಪೈರನ್ನು ಎತ್ತಿ ಕಟ್ಟುವ ಮೊದಲು ಗದ್ದೆಯ ನೀರು ಬಿಟ್ಟು ಒಂದೆರಡು ದಿನ ಕಾಯುವುದು ಒಳ್ಳೆಯದು. ಬಲಿತದ್ದು ಬಿದ್ದಿದ್ದರೆ ಕಾಯುವುದರಿಂದ ಪ್ರಯೋಜನವಿಲ್ಲ, ತೆನೆ ಒದ್ದೆಯಲ್ಲಿ ಮೊಳೆಯುವ ಮುಂಚೆ ಕೊಯ್ಯುವುದೇ ಮೇಲು.

ಪ್ರಶ್ನೆ: ಬೊಂಡದ (ಎಳೆಯ ತೆಂಗಿನಕಾಯಿಯ) ನೀರು ಗಂಜಿ (ಎಳೆಯ ತಿರುಳು) ಆಗುವುದು ಹೇಗೆ? ಟಿಶ್ಯೂ ಕಲ್ಚರ್ ಮಾಡುವವರು ತೆಂಗಿನ ನೀರನ್ನು ಬಳಸುತ್ತಾರೆಂದು ಕೇಳಿದ್ದೇನೆ, ಅದರಲ್ಲಿ ಅಂಥದ್ದೇನಿದೆ?
(ಬೊಂಡದ ವ್ಯಾಪಾರಿ, ಹಂಪನಕಟ್ಟೆ, ಮಂಗಳೂರು)

ಉತ್ತರ: ನೀವು ದಿನವೂ ಕೆತ್ತಿ ಕೊಡುವ ಬೊಂಡದಲ್ಲಿ ಸಸ್ಯಲೋಕದ ಒಂದು ಅಪೂರ್ವ ಬೆಳವಣಿಗೆ ನಡೆಯುತ್ತಿರುತ್ತದೆ. ಹೂ ಬಿಡುವ ಸಸ್ಯಗಳಲ್ಲಿ ಪರಾಗದಿಂದ ಬಂದ ಎರಡು ವೀರ್ಯಾಣುಗಳಲ್ಲಿ ಒಂದು ಅಂಡವನ್ನು ಸೇರಿ ಭ್ರೂಣವಾಗುತ್ತದೆ, ಇನ್ನೊಂದು ಬೇರೆ ಕೋಶಕೇಂದ್ರಗಳೊಂದಿಗೆ ಕೂಡಿ ಭ್ರೂಣದ ಆಹಾರವನ್ನು ತಯಾರಿಸುವ ಅಂಗಾಂಶವಾಗುತ್ತದೆ. ಇದನ್ನು ರಷ್ಯದ ಸೆರ್ಗೆ ನವಾಶಿನ್ 1898ರಲ್ಲಿ ಕಂಡುಹಿಡಿದರು. ತೆಂಗಿನಲ್ಲಿ ಈ ಭ್ರೂಣಾಹಾರದ ಕೋಶಕೇಂದ್ರಗಳು ಮೊದಲ ತಿಂಗಳುಗಳಲ್ಲಿ ನಡುವೆ ಯಾವ ಗೋಡೆಯನ್ನೂ ಕಟ್ಟಿಕೊಳ್ಳದೆ ವಿಭಜಿಸುತ್ತಾ ಹೋಗುತ್ತವೆ. ಅಂದರೆ ಎಳೆಯ ಬೊಂಡದ ನೀರು, ಅಸಂಖ್ಯ ಕೋಶಕೇಂದ್ರಗಳು ತೇಲಾಡುವ, ಗೋಡೆಗಳಿಲ್ಲದ ಒಂದೇ ಹಿರಿಯ ಕೋಶ ಎನ್ನಬಹುದು. ಸುಮಾರು ಆರನೆಯ ತಿಂಗಳಿನಿಂದ ಕೋಶಕೇಂದ್ರಗಳು ಚಿಪ್ಪಿನ ಒಳಮೈಗೆ ಸರಿದು ಅಲ್ಲಿ ಗೋಡೆ ಕಟ್ಟಿಕೊಳ್ಳತೊಡಗುತ್ತವೆ. ತೊಟ್ಟಿಗೆ ಎದುರಾದ ತುದಿಯಲ್ಲಿ ಈ ಕೆಲಸ ಮೊದಲು ಶುರುವಾಗುವುದರಿಂದ, ಎಳೆಯ ಬೊಂಡವನ್ನು ಸೀಳಿದಾಗ ಒಂದು ತುದಿಯಲ್ಲಿ ತೆಳ್ಳಗಿನ ಗಂಜಿ ಇದ್ದು ತೊಟ್ಟಿನ ಕಡೆ ಬರೀ ಚಿಪ್ಪು ಇರುವುದನ್ನು ನೀವು ಎಷ್ಟೋ ಸಲ ನೋಡಿರುತ್ತೀರಿ. ಹೊಸ ಕೋಶಗಳು ಒಳಮುಖವಾಗಿ ಸೇರುತ್ತಾ, ಎಣ್ಣೆಯನ್ನೂ ಪ್ರೊಟೀನನ್ನೂ ತುಂಬಿಕೊಳ್ಳುತ್ತಾ ಗಂಜಿ ಗಟ್ಟಿಯಾಗಿ ಸುಮಾರು ವರ್ಷಕ್ಕೆ ತಿರುಳಾಗುತ್ತದೆ. ಮೊಳೆತ ಕಾಯಿಯನ್ನು ಒಡೆದಾಗ ಸಿಗುವ ಸಿಹಿಯಾದ ಬಿಳಿ ಉಂಡೆ ಭ್ರೂಣದ ಬೀಜದಳ. ಅದು ಒಳಗೆ ಹಿಗ್ಗುತ್ತಾ ಈ ತಿರುಳನ್ನು ಕರಗಿಸಿ ಸಸಿಗೆ ಉಣಿಸುತ್ತದೆ.

ಭ್ರೂಣವನ್ನು ಬೆಳೆಸಲೆಂದೇ ತಯಾರಾದ ದ್ರವವಾದ್ದರಿಂದ ಅದರಲ್ಲಿ ವಿಭಜನೆಯನ್ನು ಪ್ರಚೋದಿಸುವ ವಸ್ತುಗಳಿರಬೇಕೆಂದು ವಿಜ್ಞಾನಿಗಳು ಊಹಿಸಿದರು. 1941ರಲ್ಲಿ ವಾನ್ ಓವರ್‌ಬೀಕ್ ಮತ್ತು ಅವರ ಸಂಗಡಿಗರು ಉಮ್ಮತ್ತದ ಅತಿ ಎಳೆಯ ಭ್ರೂಣಗಳನ್ನು ತೆಂಗಿನ ದ್ರವ ಸೇರಿಸಿದ ಮಾಧ್ಯಮದಲ್ಲಿ ಬೆಳೆಸಿದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಎಫ್. ಸಿ. ಸ್ಟೀವರ್ಡ್ ಅವರ ಪ್ರಯೋಗಾಲಯದಲ್ಲಿ ಕ್ಯಾರೆಟ್‌ನ ಕೋಶಗಳು ಇದೇ ದ್ರವದ ನೆರವಿನಿಂದ ವಿಭಜಿಸಿ, 1958ರ ಹೊತ್ತಿಗೆ ಪೂರ್ತಿ ಗಿಡಗಳಾದವು. ಬಲಿತ ಅಂಗದ ಕೋಶವೂ ಇಡೀ ಗಿಡವನ್ನು ಮತ್ತೆ ಕಟ್ಟಬಲ್ಲದೆಂಬ ಮಾತು ಆಗ ರುಜುವಾತಾಯಿತು. ಸ್ಕೂಗ್ ಅವರ ತಂಡ ಈ ಪ್ರಚೋದಕವನ್ನು ಹುಡುಕುತ್ತಾ 1955ರಲ್ಲಿ ಸೈಟೊಕೈನಿನ್ ಗುಂಪಿನ ಕೈನೆಟಿನ್ ಎಂಬ ವಸ್ತುವನ್ನು ಬೇರ್ಪಡಿಸಿತು, 1957ರಲ್ಲಿ ಆಕ್ಸಿನ್ ಹೆಚ್ಚಿದ್ದರೆ ಬೇರು, ಸೈಟೊಕೈನಿನ್ ಹೆಚ್ಚಿದ್ದರೆ ಚಿಗುರು ಎಂಬ ಸೂತ್ರವನ್ನು ಕೊಟ್ಟಿತು. ಇಂದು ಬಾಳೆಯ ಟಿಶ್ಯೂ ಕಲ್ಚರ್ ಸಸಿ ತಯಾರಾಗುವುದು ಈ ಸೂತ್ರದ ಮೇಲೆಯೇ. ತೆಂಗಿನ ನೀರಿನಲ್ಲಿ ಸೈಟೊಕೈನಿನ್ ಗುಂಪಿನ ಜಿಯಾಟಿನ್ ರೈಬೋಸೈಡ್ ಇರುವುದು ಆಮೇಲೆ ಗುರುತಿಸಲ್ಪಟ್ಟಿತು. ಉಳಿದ ಬೊಂಡದ ನೀರನ್ನು ಕುಂಡದ ಗಿಡಗಳಿಗೆ ಸುರಿದರೆ ಇದೇ ಫಲ ಬರುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕ್ರಿಮಿರಹಿತವಾದ ಗಾಜಿನ ಪಾತ್ರೆಯಲ್ಲಿ, ಅಳತೆ ಪ್ರಕಾರ ನಡೆಯುವ ಕೆಲಸ ಅದು. ಮಣ್ಣಿನಲ್ಲಿ ಆ ಸಕ್ಕರೆಯನ್ನು ಬೂಸ್ಟು ಮತ್ತು ಇರುವೆಗಳೇ ಮೊದಲು ಉಪಯೋಗಿಸಿಕೊಳ್ಳುತ್ತವೆ.

ಪ್ರಶ್ನೆ: ಮಾವು, ಹಲಸುಗಳಂತೆ ತೆಂಗಿಗೂ ಕಸಿ ಕಟ್ಟಲು ಸಾಧ್ಯವೇ?
(ಓದುಗರೊಬ್ಬರು, ಮೂಡುಬಿದಿರೆ)

ಉತ್ತರ: ಕಸಿ ಕೂಡಬೇಕಾದರೆ ಎರಡು ತುಂಡುಗಳ ಕ್ಯಾಂಬಿಯಂ ಒಂದಕ್ಕೊಂದು ತಾಗಿ, ಅಲ್ಲಿ ಹುಟ್ಟಿದ ಹೊಸ ಕೋಶಗಳಿಂದ ನಾಳಗಳು ಬೆಸೆದುಕೊಳ್ಳಬೇಕು. ಮೊದಲ ಉತ್ತರದಲ್ಲಿ ಹೇಳಿದಂತೆ ತೆಂಗಿಗೆ ಆ ಪದರವಿಲ್ಲ. ಏಕದಳ ಸಸ್ಯಗಳಿಗೆ ಕಸಿ ಸಾಧ್ಯವೇ ಇಲ್ಲವೆಂದು ಬಹುಕಾಲ ನಂಬಲಾಗಿತ್ತು. 2022ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಬೀಜದೊಳಗಿನ ಭ್ರೂಣದಲ್ಲಿ, ಬೇರು ಮತ್ತು ಚಿಗುರು ಸಂಧಿಸುವ ಜಾಗದ ಎಳೆಯ ಅಂಗಾಂಶವನ್ನು ಬಳಸಿ ಗೋಧಿಯನ್ನು ಓಟ್ಸ್‌ನ ಬೇರಿಗೆ ಕಸಿ ಮಾಡಿ ತೋರಿಸಿದರು. ಬಾಳೆ, ಖರ್ಜೂರ ಮುಂತಾದವುಗಳಲ್ಲೂ ಯಶಸ್ಸು ಕಂಡರು. ಅದು ಭ್ರೂಣದ ಹಂತದ ಸೂಕ್ಷ್ಮ ಕೆಲಸವೇ ಹೊರತು ಬೆಳೆದ ಸಸಿಗೆ ಕತ್ತಿ ಹಾಕಿ ಕಟ್ಟುವ ಕಸಿಯಲ್ಲ. ನರ್ಸರಿಗಳಲ್ಲಿ ಸಿಗುವ ಎತ್ತರದ ತಳಿ ಮತ್ತು ಗಿಡ್ಡ ತಳಿಗಳ ಹೈಬ್ರಿಡ್ ತೆಂಗು, ಒಂದರ ಹೂವಿಗೆ ಇನ್ನೊಂದರ ಪರಾಗ ಹಾಕಿ ಪಡೆದ ಕಾಯಿಯಿಂದ ಬೆಳೆಸಿದ್ದು. ಯಾರಾದರೂ ಕಸಿ ಕಟ್ಟಿದ ತೆಂಗಿನ ಸಸಿ ಎಂದು ಹೆಚ್ಚು ಬೆಲೆ ಹೇಳಿದರೆ, ಕೊಳ್ಳುವ ಮೊದಲು ಕಸಿ ಕೂಡಿದ ಗಂಟು ಎಲ್ಲಿದೆಯೆಂದು ತೋರಿಸುವಂತೆ ಕೇಳಿ.